ಅನುದೀಪ್ತ ಲೋಹಸಂಕೀರ್ಣಗಳು: ದಕ್ಷತೆಯ ಲೆಕ್ಕ ಮತ್ತು ಬಾಳಿಕೆಯ ಲೆಕ್ಕ

೧

ಸಾವಯವ ಪದಾರ್ಥಗಳ ತೆಳುಪದರಗಳಲ್ಲಿ ವಿದ್ಯುತ್ತನ್ನು ಹರಿಸಿ ಬೆಳಕನ್ನು ಪಡೆಯುವ ಸಾಧನಗಳು ಇಂದು ಓಎಲ್‌ಇಡಿ ಎಂಬ ಹೆಸರಿನಿಂದ ಮನೆಮನೆಗೂ ಪರಿಚಿತವಾಗಿವೆ. ಈ ಸಾಧನಗಳಲ್ಲಿ ಬೆಳಕು ಬೀರುವ ಕಾರ್ಯಕ್ಕೆ ಇರಿಡಿಯಮ್, ಪ್ಲಾಟಿನಮ್ ಮೊದಲಾದ ಭಾರಲೋಹಗಳ ಸಂಕೀರ್ಣಗಳನ್ನು ಬಳಸತೊಡಗಿ ಕಾಲು ಶತಮಾನಕ್ಕೂ ಮೇಲಾಯಿತು. ಅಂದಿನಿಂದ ಈ ವಿಷಯವನ್ನು ಕುರಿತು ಪ್ರಕಟವಾಗಿರುವ ಸಂಶೋಧನ ಲೇಖನಗಳು ಸಾವಿರಗಟ್ಟಲೆ, ಸಮೀಕ್ಷೆಗಳಿಗೂ ಕೊರತೆಯಿಲ್ಲ. ಆದರೆ ಆ ಸಮೀಕ್ಷೆಗಳಲ್ಲಿ ಬಹುಮಟ್ಟಿನವು ಸಾಧನೆಗಳ ಪಟ್ಟಿಗಳೇ ಹೊರತು ವಿಮರ್ಶೆಗಳಲ್ಲ. ಒಂದು ಶಾಸ್ತ್ರದ ಬರವಣಿಗೆ ಇಷ್ಟು ವಿಪುಲವಾಗಿ ಬೆಳೆದ ಮೇಲೆ, ಅದು ಏನನ್ನು ಸಾಧಿಸಿದೆ ಎಂಬುದರ ಜೊತೆಗೆ, ತನ್ನ ಸಾಧನೆಯನ್ನು ಯಾವ ಅಳತೆಗೋಲಿನಿಂದ ಅಳೆದುಕೊಳ್ಳುತ್ತಿದೆ ಎಂಬುದನ್ನೂ ವಿಚಾರಿಸುವುದು ಅಗತ್ಯವಾಗುತ್ತದೆ.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ಉಚಿತ. ಈ ಕ್ಷೇತ್ರದ ಸಂಶೋಧಕರು ದಕ್ಷತೆ ಎಂಬ ಒಂದು ಅಂಕಿಯನ್ನು ಅಣುವಿನ ಯೋಗ್ಯತೆಗೆ ಒರೆಗಲ್ಲಾಗಿ ಮಾಡಿಕೊಂಡರು. ಮೊದಲ ಕೆಲವು ವರ್ಷಗಳಲ್ಲಿ ಅದು ಸರಿಯಾದ ಒರೆಗಲ್ಲೇ ಆಗಿತ್ತು. ಆ ಪ್ರಶ್ನೆ ಬಗೆಹರಿದ ಮೇಲೂ ಅದೇ ಕಲ್ಲಿನ ಮೇಲೆ ಉಜ್ಜುತ್ತಿರುವುದರಿಂದ, ಉಳಿದಿರುವ ಮುಖ್ಯ ಪ್ರಶ್ನೆ, ಎಂದರೆ ನೀಲಿ ಬೆಳಕಿನ ಅಣು ಎಷ್ಟು ಕಾಲ ಬಾಳೀತು ಎಂಬ ಪ್ರಶ್ನೆ, ವಿಶ್ವವಿದ್ಯಾನಿಲಯಗಳ ಬರವಣಿಗೆಯಲ್ಲಿ ಹಿಂದೆ ಬಿದ್ದಿದೆ. ಈ ಮಾತಿಗೆ ಆಧಾರಗಳೇನು ಎಂಬುದನ್ನು ಮುಂದೆ ನೋಡೋಣ.

ಪರಿಭಾಷೆಯ ವಿಷಯದಲ್ಲಿ ಒಂದು ಮಾತು. ಫ್ಲೋರೆಸೆನ್ಸ್ ಎಂಬುದನ್ನು ಪ್ರತಿದೀಪ್ತಿ ಎಂದೂ ಫಾಸ್ಫೊರೆಸೆನ್ಸ್ ಎಂಬುದನ್ನು ಅನುದೀಪ್ತಿ ಎಂದೂ ಕರೆದಿದ್ದೇವೆ. ಮೊದಲನೆಯದು ಒಡನೆಯೇ ಹೊಮ್ಮುವ ಬೆಳಕು; ಎರಡನೆಯದು ತಡೆದು ಹೊಮ್ಮುವ ಬೆಳಕು. ಈ ತಡೆಯೇ ನಮ್ಮ ಚರ್ಚೆಯ ಮೂಲದಲ್ಲಿರುವುದರಿಂದ, ಇವೆರಡರ ಭೇದವನ್ನು ವಾಚಕರು ನೆನಪಿನಲ್ಲಿಡಬೇಕಾಗಿ ಕೋರುತ್ತೇವೆ.

೨

ಸಾಧನದ ಒಂದು ಕಡೆಯಿಂದ ಎಲೆಕ್ಟ್ರಾನುಗಳೂ ಮತ್ತೊಂದು ಕಡೆಯಿಂದ ಧನ ವಿದ್ಯುದಂಶದ ರಂಧ್ರಗಳೂ ಒಳನುಗ್ಗಿ ಒಂದು ಅಣುವಿನಲ್ಲಿ ಸಂಧಿಸಿದಾಗ ಆ ಅಣು ಉದ್ರಿಕ್ತ ಸ್ಥಿತಿಗೆ ಏರುತ್ತದೆ. ಎರಡು ಎಲೆಕ್ಟ್ರಾನುಗಳ ಸ್ಪಿನ್‌ಗಳು ಕೂಡುವ ಬಗೆ ನಾಲ್ಕು. ಅವುಗಳಲ್ಲಿ ಒಂದು ಸಿಂಗ್ಲೆಟ್, ಉಳಿದ ಮೂರು ಟ್ರಿಪ್ಲೆಟ್. ಸಾಮಾನ್ಯ ಸಾವಯವ ಅಣುಗಳಲ್ಲಿ ಸಿಂಗ್ಲೆಟ್ ಸ್ಥಿತಿ ಮಾತ್ರ ಬೆಳಕನ್ನು ಬೀರಿ ಮೂಲಸ್ಥಿತಿಗೆ ಮರಳಬಲ್ಲುದು. ಟ್ರಿಪ್ಲೆಟ್ ಸ್ಥಿತಿಗೆ ಆ ಹಾದಿ ನಿಷಿದ್ಧ. ಆದ್ದರಿಂದ ಒಳಹೊಕ್ಕ ವಿದ್ಯುತ್ತಿನಲ್ಲಿ ನಾಲ್ಕಕ್ಕೆ ಮೂರು ಪಾಲು ಶಾಖವಾಗಿ ವ್ಯರ್ಥವಾಗುತ್ತದೆ. ಬೆಳೆದ ಪೈರಿನಲ್ಲಿ ಮುಕ್ಕಾಲು ಪಾಲು ಹೊಲದಲ್ಲೇ ಉದುರಿಹೋಗಿ ಕಾಲು ಪಾಲು ಮಾತ್ರ ಕಣಕ್ಕೆ ಬಂದಂತೆ. ೧೯೮೭ರಲ್ಲಿ ಈಸ್ಟ್‌ಮನ್ ಕೊಡಕ್ ಸಂಸ್ಥೆಯ ಟ್ಯಾಂಗ್ ಮತ್ತು ವ್ಯಾನ್ ಸ್ಲೈಕ್ ಅವರು ಎರಡು ಪದರಗಳ ಸಾಧನವನ್ನು ಪ್ರಕಟಿಸಿದಾಗ, ಒಳಹೊಕ್ಕ ನೂರು ಎಲೆಕ್ಟ್ರಾನುಗಳಿಗೆ ಹೊರಬಂದ ಬೆಳಕಿನ ಕಣ ಸುಮಾರು ಒಂದು. ಆ ಕಾಲಕ್ಕೆ ಅದು ದೊಡ್ಡ ಸಾಧನೆಯೇ ಆಗಿತ್ತು.

ನಿಷೇಧವನ್ನು ಸಡಿಲಿಸುವ ಉಪಾಯ ಭಾರಪರಮಾಣುಗಳಲ್ಲಿದೆ. ಪರಮಾಣು ಸಂಖ್ಯೆ ಹೆಚ್ಚಿದಂತೆಲ್ಲ ಎಲೆಕ್ಟ್ರಾನಿನ ಸ್ಪಿನ್‌ಗೂ ಅದರ ಕಕ್ಷೆಯ ಚಲನೆಗೂ ಇರುವ ಹೊಂದಿಕೆ ಬಲಗೊಳ್ಳುತ್ತದೆ. ಸಿಂಗ್ಲೆಟ್ ಮತ್ತು ಟ್ರಿಪ್ಲೆಟ್‌ಗಳ ನಡುವಣ ಗೋಡೆ ತೆಳುವಾಗುತ್ತದೆ. ಸಾವಯವ ಲಿಗ್ಯಾಂಡುಗಳ ಮಧ್ಯದಲ್ಲಿ ಇರಿಡಿಯಮ್ಮನ್ನೋ ಪ್ಲಾಟಿನಮ್ಮನ್ನೋ ಕೂರಿಸಿದರೆ ಟ್ರಿಪ್ಲೆಟ್ ಸ್ಥಿತಿಯೂ ಬೆಳಕಾಗಿ ಮರಳಬಲ್ಲುದು. ಪ್ರಿನ್ಸ್‌ಟನ್ನಿನ ಫಾರೆಸ್ಟ್ ಮತ್ತು ದಕ್ಷಿಣ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಥಾಂಪ್ಸನ್ ಅವರು ಬಾಲ್ಡೊ ಮೊದಲಾದ ಸಹೋದ್ಯೋಗಿಗಳೊಡನೆ ೧೯೯೮ರಲ್ಲಿ ಪ್ಲಾಟಿನಮ್ ಆಕ್ಟಈಥೈಲ್ ಪಾರ್ಫಿರಿನ್ ಎಂಬ ಕೆಂಪು ಬೆಳಕಿನ ಸಂಕೀರ್ಣದಿಂದ ಇದನ್ನು ತೋರಿಸಿದರು. ಸಾಧನದಿಂದ ಹೊರಬಂದ ಬೆಳಕಿನ ದಕ್ಷತೆ ನೂರಕ್ಕೆ ೪. ಮರುವರ್ಷ ಮೂರು ಫೀನೈಲ್‌ಪಿರಿಡೀನ್ ಲಿಗ್ಯಾಂಡುಗಳುಳ್ಳ ಇರಿಡಿಯಮ್ ಸಂಕೀರ್ಣದಿಂದ ಹಸಿರು ಬೆಳಕನ್ನು ಪಡೆದರು. ದಕ್ಷತೆ ೮ಕ್ಕೆ ಏರಿತು. ೨೦೦೧ರಲ್ಲಿ ಅಡಾಚಿ ಅವರೊಡನೆ ಪ್ರಕಟಿಸಿದ ಲೇಖನದಲ್ಲಿ ಅದು ೧೯ನ್ನು ಮುಟ್ಟಿತು. ಗಾಜಿನ ಸಮತಟ್ಟಾದ ಹಲಗೆಯಿಂದ ಬೆಳಕಿನ ಐದನೆಯ ಒಂದು ಭಾಗದಷ್ಟು ಮಾತ್ರ ಹೊರಬರುತ್ತದೆ ಎಂಬುದನ್ನು ಗಣಿಸಿದರೆ, ಸಾಧನದ ಒಳಗೆ ಉಂಟಾದ ಉದ್ರೇಕಗಳಲ್ಲಿ ಬಹುಪಾಲು ಬೆಳಕಾಗಿ ಪರಿಣಮಿಸಿದಂತಾಯಿತು. ಲೇಖಕರು ಒಳದಕ್ಷತೆಯನ್ನು ನೂರಕ್ಕೆ ೮೭ ಎಂದು ಅಂದಾಜು ಮಾಡಿದರು.

ಈ ಮೂರು ಲೇಖನಗಳನ್ನು ಮತ್ತೆ ಓದಿದಾಗ ನಮಗೆ ಎದ್ದು ಕಾಣುವ ಗುಣವೆಂದರೆ ಪ್ರಶ್ನೆಯ ಸ್ಪಷ್ಟತೆ. ವ್ಯರ್ಥವಾಗುತ್ತಿದ್ದ ಮುಕ್ಕಾಲು ಪಾಲನ್ನು ಉಳಿಸಿಕೊಳ್ಳಲು ಸಾಧ್ಯವೇ ಎಂದು ಅವು ಕೇಳಿದವು. ಸಾಧ್ಯವೆಂದು ನಾಲ್ಕು ವರ್ಷಗಳೊಳಗೆ ಉತ್ತರ ಕೊಟ್ಟವು. ಅಲ್ಲಿ ದಕ್ಷತೆಯ ಅಂಕಿಯೇ ಪ್ರಮಾಣವಾಗಿದ್ದುದು ಸರ್ವಥಾ ಯುಕ್ತ.

೩

ಇನ್ನು ಆ ಅಂಕಿಯ ಇತಿಹಾಸವನ್ನು ಸ್ವಲ್ಪ ವಿಚಾರಿಸೋಣ. ಮೇಲೆ ಹೇಳಿದ ಹಸಿರು ಇರಿಡಿಯಮ್ ಸಂಕೀರ್ಣವನ್ನು ಈ ಸಾಧನಗಳಿಗಿಂತ ಎಷ್ಟೋ ಮೊದಲು, ೧೯೮೫ರಲ್ಲಿ, ಕಿಂಗ್, ಸ್ಪೆಲೇನ್ ಮತ್ತು ವಾಟ್ಸ್ ಎಂಬವರು ವರ್ಣಿಸಿದ್ದರು. ಹೀರಿಕೊಂಡ ಬೆಳಕಿನ ಕಣಗಳಲ್ಲಿ ಎಷ್ಟು ಪಾಲನ್ನು ಅಣು ಹಿಂದಕ್ಕೆ ಬೀರುತ್ತದೆ ಎಂಬುದಕ್ಕೆ ಅವರು ಟಾಲ್ವೀನ್ ದ್ರಾವಣದಲ್ಲಿ ಕಂಡುಕೊಂಡ ಅಂಕಿ ಸುಮಾರು ೦.೪. ಅನಂತರ ಬಂದ ಅನೇಕ ಲೇಖನಗಳು ಈ ೦.೪ನ್ನು ಸಿದ್ಧಪ್ರಮಾಣವೆಂದು ಸ್ವೀಕರಿಸಿ, ಹೊಸ ಹೊಸ ಅಣುಗಳ ದಕ್ಷತೆಯನ್ನು ಅದರ ಜೊತೆ ಹೋಲಿಸಿ ನಿರ್ಣಯಿಸಿದವು.

ಈಗ ಸಾಧನದ ಲೆಕ್ಕವನ್ನು ಇದರ ಪಕ್ಕದಲ್ಲಿಡಬೇಕು. ಅಣುವಿನ ದಕ್ಷತೆ ೦.೪, ಹೊರಬರುವ ಪಾಲು ಐದನೆಯ ಒಂದು ಎಂದಾದರೆ, ಸಾಧನದ ದಕ್ಷತೆ ನೂರಕ್ಕೆ ೮ನ್ನು ಮೀರಲಾಗದು. ಆದರೆ ಇದೇ ಕುಟುಂಬದ ಅಣುವಿನಿಂದ ೨೦೦೧ರಲ್ಲಿಯೇ ೧೯ ಬಂದಿತ್ತು. ಎರಡು ಅಂಕಿಗಳೂ ಒಂದೇ ಕಾಲದಲ್ಲಿ ಸರಿಯಾಗಿರುವುದು ಕಷ್ಟ. ಘನಪದರದಲ್ಲಿ ಅಣುವಿನ ಅಲುಗಾಟ ಕಡಮೆಯಾದುದರಿಂದ ದಕ್ಷತೆ ಹೆಚ್ಚಿತೆಂದು ಸಮಾಧಾನ ಹೇಳಬಹುದಾಗಿತ್ತು. ೨೦೦೫ರಲ್ಲಿ ಕವಾಮುರ, ಅಡಾಚಿ ಮತ್ತು ಸಹೋದ್ಯೋಗಿಗಳು ತೆಳುಪದರಗಳಲ್ಲಿ ನೇರವಾಗಿ ಅಳೆದು, ದಕ್ಷತೆ ಹೆಚ್ಚುಕಡಮೆ ಒಂದೇ ಎಂದು ತೋರಿಸಿದರು. ೨೦೦೯ರಲ್ಲಿ ಥಾಂಪ್ಸನ್ನರ ಗುಂಪು ದ್ರಾವಣದಲ್ಲಿಯೇ ಮತ್ತೆ ಅಳೆದಾಗ ದೊರೆತದ್ದು ೦.೯೭. ಎಂದರೆ ದ್ರಾವಣಕ್ಕೂ ಪದರಕ್ಕೂ ಹೇಳುವಂಥ ಭೇದವೇ ಇರಲಿಲ್ಲ. ಹಳೆಯ ಅಂಕಿಯೇ ತಗ್ಗಾಗಿತ್ತು.

ಇಪ್ಪತ್ತನಾಲ್ಕು ವರ್ಷಗಳ ಕಾಲ ಒಂದು ಶಾಸ್ತ್ರದ ಅತ್ಯಂತ ಪ್ರಸಿದ್ಧ ಅಣುವಿನ ಅತ್ಯಂತ ಪ್ರಸಿದ್ಧ ಅಂಕಿ ಎರಡು ಪಟ್ಟಿಗೂ ಮೀರಿದ ವ್ಯತ್ಯಾಸದೊಡನೆ ಉಳಿದುಬಂದಿತೆಂಬುದು ಆಲೋಚಿಸತಕ್ಕ ಸಂಗತಿ. ಮೊದಲು ಅಳೆದವರನ್ನು ಇದಕ್ಕಾಗಿ ದೂಷಿಸುವುದು ಸಲ್ಲದು. ಅವರ ಅಳತೆ ಆ ಕಾಲದ ಉಪಕರಣಗಳ ಅಳತೆ, ಮತ್ತು ಅವರ ಉದ್ದೇಶ ಬೇರೆ. ಆಕ್ಷೇಪ ಇರುವುದು ಅದನ್ನು ಕೈಯಿಂದ ಕೈಗೆ ದಾಟಿಸುತ್ತಾ ಬಂದ ಬರವಣಿಗೆಯ ಮೇಲೆ. ಒರೆಗಲ್ಲನ್ನೇ ಒರೆಗೆ ಹಚ್ಚದೆ, ಅದರ ಮೇಲೆ ಚಿನ್ನವನ್ನು ತೂಗಿನೋಡುವ ಅಭ್ಯಾಸ ಬೆಳೆಯಿತು. ದಕ್ಷತೆಯ ಅಂಕಿಗೆ ಇಷ್ಟು ಗೌರವ ಕೊಟ್ಟ ಕ್ಷೇತ್ರ ಆ ಅಂಕಿಯನ್ನು ಕೂಡ ಸಾಕಷ್ಟು ಎಚ್ಚರದಿಂದ ನೋಡಿಕೊಳ್ಳಲಿಲ್ಲ ಎಂದು ಹೇಳದೆ ವಿಧಿಯಿಲ್ಲ.

೪

ನಮ್ಮ ಮುಖ್ಯ ಆಕ್ಷೇಪಕ್ಕೆ ನೀಲಿ ಬೆಳಕಿನ ಚರಿತ್ರೆಯೇ ಸಾಕ್ಷಿ. ೨೦೦೧ರಲ್ಲಿಯೇ ಅಡಾಚಿ ಮತ್ತು ಸಹೋದ್ಯೋಗಿಗಳು ಫ್ಲೋರೀನ್ ಸೇರಿದ ಫೀನೈಲ್‌ಪಿರಿಡೀನ್ ಲಿಗ್ಯಾಂಡುಗಳು ಎರಡು ಮತ್ತು ಪಿಕೋಲಿನೇಟ್ ಲಿಗ್ಯಾಂಡು ಒಂದು ಇರುವ ಇರಿಡಿಯಮ್ ಸಂಕೀರ್ಣವನ್ನು ಪ್ರಯೋಗಿಸಿದರು. ಈ ಕ್ಷೇತ್ರದವರು ಇದನ್ನು ಫರ್‌ಪಿಕ್ ಎಂದು ಕರೆಯುತ್ತಾರೆ. ಮೊದಲ ಸಾಧನದ ದಕ್ಷತೆ ನೂರಕ್ಕೆ ೫.೭. ಆಶ್ರಯ ಪದಾರ್ಥಗಳನ್ನು ಬದಲಾಯಿಸುತ್ತ ಹೋದಂತೆ ಅದು ಇಪ್ಪತ್ತನ್ನೂ ದಾಟಿತು. ದಕ್ಷತೆಯೊಂದೇ ಪ್ರಮಾಣವಾಗಿದ್ದರೆ ನೀಲಿಯ ಸಮಸ್ಯೆ ಅಲ್ಲಿಗೇ ಮುಗಿಯಬೇಕಾಗಿತ್ತು. ಆದರೆ ಮಾರುಕಟ್ಟೆಯ ತೆರೆಗಳಲ್ಲಿ ಕೆಂಪು ಮತ್ತು ಹಸಿರು ಬೆಳಕಿಗೆ ಅನುದೀಪ್ತ ಸಂಕೀರ್ಣಗಳು ನೆಲೆಗೊಂಡರೂ, ನೀಲಿಯ ಸ್ಥಾನದಲ್ಲಿ ದಕ್ಷತೆ ಕಡಮೆಯಾದ ಪ್ರತಿದೀಪ್ತ ಅಣುಗಳೇ ಉಳಿದುಕೊಂಡವು. ತಯಾರಕರು ಕಡಮೆ ದಕ್ಷತೆಯನ್ನು ಬೇಕೆಂದೇ ಆರಿಸಿಕೊಂಡರೆಂದರೆ ಅದಕ್ಕೆ ಕಾರಣವಿರಲೇಬೇಕು.

ಒಂದು ಕಾರಣ ಬಣ್ಣ. ಫರ್‌ಪಿಕ್‌ನ ಬೆಳಕು ೪೭೦ ನ್ಯಾನೊಮೀಟರ್ ತರಂಗದೂರದ ಆಸುಪಾಸಿನಲ್ಲಿ ಶಿಖರವನ್ನು ಮುಟ್ಟಿದರೂ ಹಸಿರಿನ ಕಡೆಗೆ ಉದ್ದವಾದ ಬಾಲವನ್ನು ಚಾಚುತ್ತದೆ. ವರ್ಣನಿರ್ದೇಶಾಂಕಗಳಲ್ಲಿ ಎರಡನೆಯದು, ಮೊದಲ ಸಾಧನದಲ್ಲಿ, ೦.೨೯, ತೆರೆಗಳಿಗೆ ನಿಗದಿಯಾದ ನೀಲಿಗೆ ಅದು ೦.೦೬. ನೇಸರು ಏರಿದ ಹೊತ್ತಿನ ಆಕಾಶದ ಬಣ್ಣವನ್ನು ನೀಲಮಣಿಯ ಬಣ್ಣವೆಂದು ಕರೆದಂತಾಯಿತು. ಇಂಥ ಅಣುಗಳನ್ನು ಎಷ್ಟೋ ಲೇಖನಗಳು ಶಿರೋನಾಮದಲ್ಲಿ ನೀಲಿ ಎಂದೇ ಹೆಸರಿಸಿವೆ.

ಎರಡನೆಯ ಕಾರಣ ಬಾಳಿಕೆ. ಇದೇ ಮುಖ್ಯವಾದದ್ದು. ಕೆಂಪು ಬೆಳಕಿನ ಕಣಕ್ಕೆ ಸುಮಾರು ೨ ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಸಾಕು. ೪೬೦ ನ್ಯಾನೊಮೀಟರಿನ ನೀಲಿಗೆ ೨.೭ ಬೇಕು. ಸಾವಯವ ಅಣುಗಳಲ್ಲಿ ಇಂಗಾಲಕ್ಕೂ ಸಾರಜನಕಕ್ಕೂ ಇರುವ ಒಂಟಿ ಬಂಧದ ಬಲ ಸುಮಾರು ೩. ನೀಲಿ ಅಣುವಿನ ಉದ್ರಿಕ್ತ ಸ್ಥಿತಿ ಬಂಧ ಮುರಿಯುವ ಅಂಚಿನಲ್ಲಿಯೇ ನಿಂತಿರುತ್ತದೆ. ಅದರ ಮೇಲೆ, ಲೋಹದ ಸ್ವಂತ ಕಕ್ಷೆಗಳಲ್ಲಿ ಎಲೆಕ್ಟ್ರಾನು ಏರುವ ಮತ್ತೊಂದು ಸ್ಥಿತಿ ಸಮೀಪದಲ್ಲಿರುತ್ತದೆ. ಕೋಣೆಯ ಶಾಖವೇ ಅಣುವನ್ನು ಅಲ್ಲಿಗೆ ದಾಟಿಸಿದರೆ ಲೋಹ ಮತ್ತು ಲಿಗ್ಯಾಂಡುಗಳ ನಡುವಣ ಬಂಧ ಸಡಿಲಾಗುತ್ತದೆ. ಹಳೆಯದಾದ ಫರ್‌ಪಿಕ್ ಸಾಧನಗಳನ್ನು ರಾಸಾಯನಿಕವಾಗಿ ಪರೀಕ್ಷಿಸಿದವರು ಪಿಕೋಲಿನೇಟ್ ಕಳಚಿಹೋದ ಚೂರುಗಳನ್ನೂ ಫ್ಲೋರೀನ್ ಕಳೆದುಕೊಂಡ ಅಣುಗಳನ್ನೂ ಕಂಡಿದ್ದಾರೆ. ಬಣ್ಣವನ್ನು ನೀಲಿಯ ಕಡೆಗೆ ಸರಿಸಲೆಂದು ಸೇರಿಸಿದ ಭಾಗಗಳೇ ಮೊದಲು ಬಿದ್ದುಹೋದವು.

ಇಲ್ಲಿ ಅನುದೀಪ್ತಿಯ ತಡೆ ಬಾಧಕವಾಗುತ್ತದೆ. ಪ್ರತಿದೀಪ್ತ ಅಣು ಉದ್ರಿಕ್ತ ಸ್ಥಿತಿಯಲ್ಲಿ ಕೆಲವು ನ್ಯಾನೊಸೆಕೆಂಡುಗಳಷ್ಟು ನಿಲ್ಲುತ್ತದೆ. ಇರಿಡಿಯಮ್ ಸಂಕೀರ್ಣ ಒಂದೆರಡು ಮೈಕ್ರೊಸೆಕೆಂಡು, ಎಂದರೆ ಸಾವಿರದಷ್ಟು ಹೆಚ್ಚು ಕಾಲ, ನಿಲ್ಲುತ್ತದೆ. ಆ ಅವಧಿಯಲ್ಲಿ ಅದು ಇನ್ನೊಂದು ಉದ್ರಿಕ್ತ ಅಣುವನ್ನೋ ಹಾದುಹೋಗುವ ವಿದ್ಯುದಂಶವನ್ನೋ ಸಂಧಿಸಿದರೆ ಒಂದರ ಶಕ್ತಿ ಮತ್ತೊಂದಕ್ಕೆ ಸೇರುತ್ತದೆ. ಎರಡು ನೀಲಿ ಉದ್ರೇಕಗಳು ಕೂಡಿದರೆ ಐದು ಎಲೆಕ್ಟ್ರಾನ್ ವೋಲ್ಟಿಗೂ ಮೇಲು. ಒಂಟಿ ಬಂಧಗಳಲ್ಲಿ ಬಹುಪಾಲು ಅದನ್ನು ತಡೆದುಕೊಳ್ಳಲಾರವು. ಗೀಬಿಂಕ್, ಫಾರೆಸ್ಟ್ ಮತ್ತು ಸಹೋದ್ಯೋಗಿಗಳು ೨೦೦೮ರಲ್ಲಿ ಸಾಧನಗಳ ಕ್ಷಯವನ್ನು ಈ ಬಗೆಯ ಸಂಘಟ್ಟನೆಯಿಂದಲೇ ವಿವರಿಸಿದರು. ಈ ಕ್ಷೇತ್ರದಲ್ಲಿ ಬಾಳಿಕೆಯನ್ನು ಕುರಿತ ಅತ್ಯುತ್ತಮ ಲೇಖನಗಳಲ್ಲಿ ಅದು ಒಂದೆಂದು ನಾವು ಭಾವಿಸುತ್ತೇವೆ.

ಈಗ ಒಂದು ಸ್ಥೂಲವಾದ ಲೆಕ್ಕವನ್ನು ಮಾಡೋಣ. ಬೆಳಕು ಬೀರುವ ಪದರದ ದಪ್ಪ ೩೦ ನ್ಯಾನೊಮೀಟರ್ ಎಂದೂ, ಅದರ ತೂಕದಲ್ಲಿ ನೂರಕ್ಕೆ ೮ ಪಾಲು ಇರಿಡಿಯಮ್ ಸಂಕೀರ್ಣವೆಂದೂ ಇಟ್ಟುಕೊಂಡರೆ, ಒಂದು ಚದರ ಮೀಟರ್ ಸಾಧನದಲ್ಲಿರುವ ಸಂಕೀರ್ಣ ಸುಮಾರು ೩ ಮಿಲಿಗ್ರಾಂ. ಈ ಸಾಧನ ಚದರ ಮೀಟರಿಗೆ ೧೦೦೦ ಕ್ಯಾಂಡೆಲದಷ್ಟು ಹಸಿರು ಬೆಳಕನ್ನು ಬೀರಬೇಕಾದರೆ, ಐದನೆಯ ಒಂದು ಪಾಲು ಮಾತ್ರ ಹೊರಬರುವುದರಿಂದ, ಒಂದೊಂದು ಅಣುವೂ ಸೆಕೆಂಡಿಗೆ ಸುಮಾರು ೩೦ ಬಾರಿ ಉದ್ರೇಕಗೊಂಡು ಮರಳಬೇಕು. ಸಾವಿರ ಗಂಟೆಗಳಲ್ಲಿ ಇದು ಹತ್ತು ಕೋಟಿ ಬಾರಿಯನ್ನು ಮೀರುತ್ತದೆ. ನೀಲಿಗೆ ನಮ್ಮ ಕಣ್ಣು ಮಂದವಾದುದರಿಂದ, ಅದೇ ಕಾಂತಿಗೆ ನೀಲಿ ಅಣು ಇದರ ನಾಲ್ಕೈದು ಪಟ್ಟು ದುಡಿಯಬೇಕು.

ಹಸಿರನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಎರಡು ಅಣುಗಳನ್ನು ಹೋಲಿಸೋಣ. ಒಂದು, ಹತ್ತು ಕೋಟಿ ಉದ್ರೇಕಗಳಿಗೆ ಒಮ್ಮೆ ಮುರಿಯುತ್ತದೆ. ಇನ್ನೊಂದು, ನೂರು ಕೋಟಿಗೆ ಒಮ್ಮೆ. ಸಾವಿರ ಗಂಟೆಗಳ ಕೊನೆಗೆ ಮೊದಲನೆಯದರಲ್ಲಿ ಮೂರಕ್ಕೆ ಎರಡು ಪಾಲು ಅಣುಗಳು ನಾಶವಾಗಿರುತ್ತವೆ. ಎರಡನೆಯದರಲ್ಲಿ ಹತ್ತಕ್ಕೆ ಒಂದು ಪಾಲು. ಮೊದಲನೆಯ ಸಾಧನ ಕಸಕ್ಕೆ ಯೋಗ್ಯ, ಎರಡನೆಯದು ಮನೆಗೆ ಯೋಗ್ಯ. ಆದರೆ ಮೊದಲ ದಿನ ದಕ್ಷತೆಯನ್ನು ಅಳೆದರೆ ಎರಡೂ ಒಂದೇ ಅಂಕಿಯನ್ನು ತೋರಿಸುತ್ತವೆ. ದಕ್ಷತೆಯ ಅಳತೆ ನೂರರಲ್ಲಿ ಒಂದರ ವ್ಯತ್ಯಾಸವನ್ನು ಕಾಣಬಲ್ಲುದು. ಅಣುವಿನ ಹಣೆಬರಹ ಇರುವುದು ಕೋಟಿಯಲ್ಲಿ ಒಂದರ ವ್ಯತ್ಯಾಸದಲ್ಲಿ. ೦.೯೫ನ್ನು ೦.೯೭ಕ್ಕೆ ಏರಿಸಿದೆವೆಂದು ಹೇಳುವ ಲೇಖನ ಈ ದೃಷ್ಟಿಯಿಂದ ಏನನ್ನೂ ಹೇಳಿದಂತಾಗುವುದಿಲ್ಲ.

೫

ಇದಕ್ಕೆ ಬರಬಹುದಾದ ಆಕ್ಷೇಪಗಳನ್ನು ಪರಿಶೀಲಿಸುವುದು ನ್ಯಾಯ. ವಿಶ್ವವಿದ್ಯಾನಿಲಯದ ಪ್ರಯೋಗಶಾಲೆಯಲ್ಲಿ ಬಾಳಿಕೆಯನ್ನು ಅಳೆಯುವುದು ನಿರರ್ಥಕವೆಂದು ಹಲವರು ವಾದಿಸುತ್ತಾರೆ. ಅದರಲ್ಲಿ ಸತ್ಯಾಂಶವಿದೆ. ಆಮ್ಲಜನಕ ಮತ್ತು ತೇವದ ಲೇಶ, ಪದಾರ್ಥದಲ್ಲಿ ಉಳಿದ ಕಲ್ಮಷ, ನಿರ್ವಾತ ಪಾತ್ರೆಯ ಶುದ್ಧಿ ಇವೆಲ್ಲವೂ ಬಾಳಿಕೆಯನ್ನು ಬದಲಾಯಿಸುತ್ತವೆ. ಒಂದು ಊರಿನಲ್ಲಿ ನೂರು ಗಂಟೆ ಬಾಳಿದ ಅಣು ಮತ್ತೊಂದು ಊರಿನಲ್ಲಿ ಹತ್ತೇ ಗಂಟೆ ಬಾಳಬಹುದು. ಆದಕಾರಣ ಒಂಟಿಯಾಗಿ ನಿಂತ ಗಂಟೆಗಳ ಅಂಕಿಗೆ ಬೆಲೆಯಿಲ್ಲ ಎಂಬುದನ್ನು ಒಪ್ಪತಕ್ಕದ್ದೇ. ಆದರೆ ಇದರಿಂದ ಬಾಳಿಕೆಯನ್ನು ಬಿಟ್ಟುಬಿಡಬೇಕೆಂಬ ನಿರ್ಣಯ ಹೊರಡುವುದಿಲ್ಲ. ಪರಿಚಿತವಾದ ಒಂದು ಅಣುವಿನಿಂದ ಅದೇ ದಿನ, ಅದೇ ಪಾತ್ರೆಯಲ್ಲಿ ಜೊತೆಸಾಧನವೊಂದನ್ನು ಮಾಡಿ ಎರಡನ್ನೂ ಒಟ್ಟಿಗೆ ಉರಿಸಿದರೆ, ಗಂಟೆಗಳ ಅಂಕಿ ಹೋದರೂ ಅನುಪಾತ ಉಳಿಯುತ್ತದೆ. ಗಾಳಿ ತೆಗೆದ ದ್ರಾವಣದಲ್ಲಿ ಅಣುವಿನ ಮೇಲೆ ದೀರ್ಘಕಾಲ ಬೆಳಕು ಚೆಲ್ಲಿ, ಎಷ್ಟು ಉಳಿಯಿತು, ಉಳಿಯದಿದ್ದುದು ಏನಾಯಿತು ಎಂದು ವಿಶ್ಲೇಷಿಸುವುದು ಯಾವ ರಸಾಯನ ವಿಭಾಗಕ್ಕೂ ಅಸಾಧ್ಯವಲ್ಲ. ಇದು ನಿಜವಾಗಿ ರಸಾಯನಶಾಸ್ತ್ರಜ್ಞನ ಕೆಲಸ. ಬಂಧ ಎಲ್ಲಿ ಮುರಿಯಿತೆಂದು ತಿಳಿದವನೇ ಮುರಿಯದ ಅಣುವನ್ನು ಕಟ್ಟಬಲ್ಲ.

ಲೋಹಗಳ ಕಾಲ ಮುಗಿಯಿತೆಂಬ ಆಕ್ಷೇಪ ಇನ್ನೊಂದು. ಇರಿಡಿಯಮ್ ಭೂಮಿಯಲ್ಲಿ ಅತಿ ವಿರಳ. ಮುಖ್ಯವಾಗಿ ದಕ್ಷಿಣ ಆಫ್ರಿಕದ ಪ್ಲಾಟಿನಮ್ ಗಣಿಗಳಲ್ಲಿ ಉಪೋತ್ಪನ್ನವಾಗಿ ದೊರೆಯುತ್ತದೆ. ೨೦೧೨ರಲ್ಲಿ ಜಪಾನಿನ ಕ್ಯೂಶೂ ವಿಶ್ವವಿದ್ಯಾನಿಲಯದ ಅಡಾಚಿ ಅವರ ಗುಂಪು, ಟ್ರಿಪ್ಲೆಟ್ ಸ್ಥಿತಿಯನ್ನು ಶಾಖದ ನೆರವಿನಿಂದ ಸಿಂಗ್ಲೆಟ್‌ಗೆ ಮರಳಿಸಿ ಬೆಳಕನ್ನು ಪಡೆಯುವ ಅಣುಗಳನ್ನು ಲೋಹವಿಲ್ಲದೆಯೇ ಮಾಡಿ ತೋರಿಸಿತು. ಅನುದೀಪ್ತಿಯ ಮೊದಲ ಅಧ್ಯಾಯಗಳಲ್ಲಿ ಪಾಲುಗೊಂಡವರೇ ಅದಕ್ಕೆ ಪರ್ಯಾಯವನ್ನೂ ತೋರಿಸಿದುದು ಗಮನಾರ್ಹ. ಆದರೆ ಈ ಅಣುಗಳಲ್ಲಿಯೂ ಟ್ರಿಪ್ಲೆಟ್ ಉದ್ರೇಕ ಮೈಕ್ರೊಸೆಕೆಂಡುಗಳ ಕಾಲ ಕಾದು ನಿಲ್ಲುತ್ತದೆ. ಆದುದರಿಂದ ಅದೇ ಸಂಘಟ್ಟನೆ, ಅದೇ ಕ್ಷಯ. ಲೋಹವನ್ನು ತೆಗೆದುಹಾಕಿ ಅಳತೆಗೋಲನ್ನು ಹಾಗೆಯೇ ಇಟ್ಟುಕೊಂಡರೆ ನೀಲಿಯ ಹಳೆಯ ಚರಿತ್ರೆಯನ್ನೇ ಹೊಸ ಹೆಸರಿನಲ್ಲಿ ಬರೆದಂತಾಗುತ್ತದೆ. ವಿರಳತೆಯ ವಿಷಯಕ್ಕೆ ಬಂದರೆ, ಮೇಲಿನ ಲೆಕ್ಕದಂತೆ ಒಂದು ಚದರ ಮೀಟರ್ ಪದರದಲ್ಲಿರುವ ಶುದ್ಧ ಇರಿಡಿಯಮ್ ಒಂದು ಮಿಲಿಗ್ರಾಮಿಗಿಂತ ಕಡಮೆ. ಆವಿ ಮಾಡಿ ಹರಡುವಾಗ ಪಾತ್ರೆಯ ಗೋಡೆಗೆ ಅಂಟಿ ನಷ್ಟವಾಗುವ ಪಾಲನ್ನು ಸೇರಿಸಿದರೂ, ಬೇಗನೆ ಸಾಯುವ ಅಣುವಿನಲ್ಲಿ ವ್ಯರ್ಥವಾಗುವ ಲೋಹವೇ ಹೆಚ್ಚು ಶೋಚನೀಯ.

೬

ಈಚಿನ ಕೆಲವು ಲೇಖನಗಳಲ್ಲಿ ದೃಷ್ಟಿ ಬದಲಾಗುತ್ತಿರುವುದನ್ನು ಸಂತೋಷದಿಂದ ಗುರುತಿಸುತ್ತೇವೆ. ೨೦೧೪ರಲ್ಲಿ ಜಾಂಗ್, ಲೀ ಮತ್ತು ಫಾರೆಸ್ಟ್ ಅವರು ಪದರದ ಉದ್ದಕ್ಕೂ ಸಂಕೀರ್ಣದ ಪ್ರಮಾಣವನ್ನು ಕ್ರಮವಾಗಿ ಏರಿಳಿಸಿ, ಉದ್ರೇಕಗಳು ಒಂದೆಡೆ ಗುಂಪುಗೂಡದಂತೆ ಹರಡಿ, ನೀಲಿ ಸಾಧನದ ಬಾಳಿಕೆಯನ್ನು ಹತ್ತು ಪಟ್ಟು ಹೆಚ್ಚಿಸಿದರು. ಅವರ ಅಣುವಿನ ದಕ್ಷತೆ ಆಶ್ಚರ್ಯಕರವೇನೂ ಅಲ್ಲ; ಆಶ್ಚರ್ಯವಿರುವುದು ಕ್ಷಯದ ಕಾರಣವನ್ನು ಮೊದಲು ತಿಳಿದು ಅನಂತರ ಸಾಧನವನ್ನು ಕಟ್ಟಿದ ಕ್ರಮದಲ್ಲಿ. ೨೦೨೨ರಲ್ಲಿ ಪ್ಲಾಟಿನಮ್ ಸಂಕೀರ್ಣವೊಂದರಿಂದ ಮಾಡಿದ ನೀಲಿ ಸಾಧನ, ೧೦೦೦ ಕ್ಯಾಂಡೆಲದ ಕಾಂತಿಯಿಂದ ಹೊರಟು, ನೂರಕ್ಕೆ ೭೦ಕ್ಕೆ ಇಳಿಯಲು ಸಾವಿರ ಗಂಟೆಗಳಿಗೂ ಮೀರಿ ಕಾಲ ತೆಗೆದುಕೊಂಡಿತೆಂದು ಪ್ರಕಟವಾಯಿತು. ೨೦೨೪ರಲ್ಲಿ ಫಾರೆಸ್ಟರ ಗುಂಪು, ಲೋಹದ ವಿದ್ಯುದ್ವಾರಗಳನ್ನು ಪದರಕ್ಕೆ ಹೊಂದಿಸಿ, ಅಣು ಉದ್ರಿಕ್ತ ಸ್ಥಿತಿಯಲ್ಲಿ ನಿಲ್ಲುವ ಅವಧಿಯನ್ನೇ ಕಡಮೆ ಮಾಡಿ ಬಾಳಿಕೆಯನ್ನು ಹೆಚ್ಚಿಸುವ ಮಾರ್ಗವನ್ನು ತೋರಿಸಿತು. ೨೦೨೫ರ ಮೇ ತಿಂಗಳಲ್ಲಿ ಎಲ್‌ಜಿ ಡಿಸ್‌ಪ್ಲೇ ಸಂಸ್ಥೆ, ಕೆಳಗಿನ ಅಂತಸ್ತಿನಲ್ಲಿ ಪ್ರತಿದೀಪ್ತ ನೀಲಿಯನ್ನೂ ಮೇಲಿನ ಅಂತಸ್ತಿನಲ್ಲಿ ಅನುದೀಪ್ತ ನೀಲಿಯನ್ನೂ ಇರಿಸಿದ ತೆರೆ ತಯಾರಿಕೆಯ ಮಟ್ಟವನ್ನು ಮುಟ್ಟಿದೆಯೆಂದು ಘೋಷಿಸಿತು. ಇಲ್ಲಿಯೂ ಹೊರೆಯನ್ನು ಒಬ್ಬನ ಹೆಗಲಿಗೆ ಹೊರಿಸಲಿಲ್ಲ, ಇಬ್ಬರಿಗೆ ಹಂಚಿದರು. ಅನುದೀಪ್ತ ನೀಲಿ ಒಂಟಿಯಾಗಿ ನಡೆಯಲು ಇನ್ನೂ ಕಲಿಯಬೇಕಾಗಿದೆ ಎಂಬುದಕ್ಕೆ ಇದು ಪ್ರಾಮಾಣಿಕವಾದ ಸಾಕ್ಷ್ಯ.

ಒಟ್ಟಿನಲ್ಲಿ ನಮ್ಮ ನಿರ್ಣಯ ಹೀಗಿದೆ. ಟ್ರಿಪ್ಲೆಟ್‌ಗಳನ್ನು ಬೆಳಕಾಗಿ ಪರಿವರ್ತಿಸಿದ ಸಾಧನೆ ಈ ಕಾಲದ ರಸಾಯನಶಾಸ್ತ್ರದ ಉತ್ತಮ ಕಾರ್ಯಗಳಲ್ಲಿ ಒಂದು. ಅದರ ಕೀರ್ತಿಗೆ ಯಾವ ಕುಂದೂ ಇಲ್ಲ. ಆದರೆ ಆ ಪ್ರಶ್ನೆಗೆ ೨೦೦೧ರಲ್ಲಿಯೇ ಉತ್ತರ ಬಂದಿತು. ಇನ್ನು ಮುಂದೆ ನೀಲಿ ಸಂಕೀರ್ಣವೊಂದನ್ನು ಪ್ರಕಟಿಸುವ ಲೇಖನ, ದಕ್ಷತೆಯ ಜೊತೆಗೆ, ಬಣ್ಣದ ನಿರ್ದೇಶಾಂಕಗಳನ್ನೂ, ಹೆಚ್ಚಿನ ಕಾಂತಿಯಲ್ಲಿ ದಕ್ಷತೆ ಎಷ್ಟು ಇಳಿಯಿತೆಂಬುದನ್ನೂ, ಜೊತೆಸಾಧನದೊಡನೆ ಹೋಲಿಸಿದ ಬಾಳಿಕೆಯನ್ನೂ, ಸಾಧ್ಯವಾದರೆ ಕ್ಷಯದಲ್ಲಿ ಉಂಟಾದ ಪದಾರ್ಥಗಳನ್ನೂ ಕೊಡತಕ್ಕದ್ದು. ನಮ್ಮ ಸಂಶೋಧನ ವಿದ್ಯಾರ್ಥಿಗಳು ಇಂಥ ಲೇಖನಗಳನ್ನು ಓದುವಾಗ ದಕ್ಷತೆಯ ಕೋಷ್ಟಕವನ್ನು ಆಮೇಲೆ ನೋಡಲಿ. ಅಣು ಎಷ್ಟು ಕಾಲ ಅಣುವಾಗಿಯೇ ಉಳಿಯಿತು ಎಂಬುದನ್ನು ಮೊದಲು ಹುಡುಕಲಿ. ಅದು ಕಾಣದಿದ್ದಲ್ಲಿ ಲೇಖನ ಅಪೂರ್ಣವೆಂದು ಭಾವಿಸುವ ಅಧಿಕಾರ ಅವರಿಗುಂಟು.